ಹೊಗೆಕೊಳವೆಯ ಮೇಲಿನ ತುದಿ



ಈ ದಿನ ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವ ವಸ್ತು ಬಹಳ ಸಣ್ಣದು. ಅದು ಎಷ್ಟೋ ಮನೆಗಳ ಸೂರಿನ ಮೇಲೆ ನಿಂತಿರುತ್ತದೆ. ಆದರೂ ತಲೆ ಎತ್ತಿ ಅದನ್ನು ನೋಡುವವರು ಕಡಿಮೆ. ಅದು ಒಲೆಯ ಹೊಗೆಕೊಳವೆ ಮತ್ತು ಅದರ ನೆತ್ತಿಯ ಮೇಲಿರುವ ಟೊಪ್ಪಿಗೆ. ಉತ್ತರ ಕರ್ನಾಟಕದ ಕಡೆ 'ಚಿಮಣಿ' ಎಂದರೆ ಸೀಮೆಎಣ್ಣೆಯ ಬುಡ್ಡಿ ದೀಪ. ಇಲ್ಲಿ ನಾನು ಚಿಮಣಿ ಎನ್ನುವುದು ಒಲೆಯ ಹೊಗೆಯನ್ನು ಮನೆಯಿಂದ ಹೊರಗೆ ಒಯ್ಯುವ ಕೊಳವೆಗೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯ ಸಮೀಪ ಕೆರೆಬಿಳಚಿ ಎಂಬ ಊರಿದೆ. ಅಡಿಕೆ, ತೆಂಗು, ಭತ್ತ, ಮೆಕ್ಕೆಜೋಳ ಬೆಳೆಯುವ ಸೀಮೆ ಅದು. ಇಂಥ ಸೀಮೆಯಲ್ಲಿ ಉರುವಲಿಗೆ ದುಡ್ಡು ಕೊಡಬೇಕಾಗಿಲ್ಲ. ತೆಂಗಿನ ಗರಿ, ಮಟ್ಟೆ, ಅಡಿಕೆಯ ಹಾಳೆ, ಜೋಳದ ಬೆಂಡು, ಕುಳ್ಳು ಎಲ್ಲವೂ ಹಿತ್ತಲಲ್ಲೇ ಸಿಗುತ್ತವೆ. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗಳಿಗೂ ಅಡುಗೆ ಅನಿಲ ಬಂದಿತು. ಆದರೆ ಸಿಲಿಂಡರ್ ಬಂದ ಮಾತ್ರಕ್ಕೆ ಒಲೆ ಆರಿಹೋಗಲಿಲ್ಲ. ಸ್ನಾನದ ನೀರಿಗೆ ಹಂಡೆಯ ಒಲೆ, ರೊಟ್ಟಿ ಮುದ್ದೆಗೆ ಸೌದೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸಲು ದೊಡ್ಡ ಒಲೆ ಎಂದು ಒಂದೇ ಮನೆಯಲ್ಲಿ ಎರಡು ಮೂರು ಒಲೆಗಳು ಇಂದಿಗೂ ಉರಿಯುತ್ತವೆ. ಆದುದರಿಂದ ಹೊಗೆಕೊಳವೆಯ ಮಾತು ಹಳೆಯ ಕಾಲದ ಮಾತಲ್ಲ.

ಮೊದಲು ಹೊಗೆಯ ಕಡೆ ನೋಡೋಣ. ಸೌದೆ ಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್, ನೀರಿನ ಆವಿ ಮತ್ತು ಒಂದಿಷ್ಟು ಬೂದಿ ಉಳಿಯುತ್ತದೆ. ಆದರೆ ಮನೆಯ ಒಲೆಯಲ್ಲಿ ಸೌದೆ ಪೂರ್ಣವಾಗಿ ಉರಿಯುವುದಿಲ್ಲ. ಗಾಳಿ ಸಾಲದೆ, ಅಥವಾ ಸೌದೆ ಹಸಿಯಾಗಿದ್ದು, ಅರ್ಧ ಉರಿದ ಪದಾರ್ಥಗಳು ಹೊಗೆಯಾಗಿ ಏಳುತ್ತವೆ. ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವಿದೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮಸಿಯ ಕಣಗಳಿವೆ. ಅವು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ನಿಲ್ಲುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದಾದ ರೋಗಗಳಿಗೆ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಬಲಿಯಾದರು. ಕೆಮ್ಮು, ದಮ್ಮು, ಕಣ್ಣುರಿ, ಮಕ್ಕಳ ನ್ಯುಮೋನಿಯ ಇವೆಲ್ಲಕ್ಕೂ ಈ ಹೊಗೆಯ ನಂಟಿದೆ. ಒಲೆಯ ಮುಂದೆ ದಿನಕ್ಕೆ ಮೂರು ನಾಲ್ಕು ಗಂಟೆ ಕೂರುವವರು ಯಾರು, ಅವರ ಮಡಿಲಲ್ಲಿ ಕೂರುವವರು ಯಾರು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಹೊಗೆಯನ್ನು ಹೊರಗೆ ಕಳಿಸುವ ಯೋಚನೆ ನಮ್ಮ ಹಿರಿಯರಿಗೂ ಇತ್ತು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಗವಾಕ್ಷಿ ಇರುತ್ತಿತ್ತು. ಬೆಳಕು ಒಳಗೆ ಬರುವ ದಾರಿಯೂ ಹೊಗೆ ಹೊರಗೆ ಹೋಗುವ ದಾರಿಯೂ ಅದೇ. ಆದರೆ ಗವಾಕ್ಷಿ ತಲುಪುವ ಮೊದಲೇ ಹೊಗೆ ಕೋಣೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಬಂಗಲೆಗಳಿಗೆ ಇಟ್ಟಿಗೆಯ ಚಿಮಣಿಗಳು ಬಂದವು. ಅವು ಚಳಿ ಕಾಯುವ ಬೆಂಕಿಗೂಡುಗಳಿಗಾಗಿ ಕಟ್ಟಿದವು. ಸಾಮಾನ್ಯರ ಅಡುಗೆಮನೆಗೆ ಚಿಮಣಿ ಬಂದದ್ದು ತೀರ ಈಚೆಗೆ.

ಈ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಯ ಬಾಳಿಗೆ ಒದಗಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಈ ವಿಜ್ಞಾನಿಗಳು ಕೆಲಸ ಮಾಡಿದರು. 1980ರ ದಶಕದ ಆರಂಭದಲ್ಲಿ ಅವರು ರೂಪಿಸಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಸೌದೆ ಉಳಿಸುವ, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಕಳಿಸುವ ಮಣ್ಣಿನ ಒಲೆ ಅದು. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ 2002ರವರೆಗೆ ನಡೆಸಿತು. ಆ ಅವಧಿಯಲ್ಲಿ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಲಾಯಿತು.

ಹಾಗಾದರೆ ಆ ಒಲೆಗಳೆಲ್ಲ ಏನಾದವು? ಇದೇ ನಮ್ಮ ಇಂದಿನ ಪ್ರಶ್ನೆ. ಅನೇಕ ಮನೆಗಳಲ್ಲಿ ಒಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಒಡಿಶಾ ರಾಜ್ಯದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸುಮಾರು 2,600 ಕುಟುಂಬಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿ, 2016ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಚಿಮಣಿಯಿರುವ ಒಲೆ ಹಾಕಿಸಿಕೊಂಡವರು ಮೊದಲ ವರ್ಷ ಕಡಿಮೆ ಹೊಗೆ ಕುಡಿದರು. ಮುಂದಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಕಾರಣವೇನು? ಜನ ಒಲೆಯನ್ನು ಸರಿಯಾಗಿ, ಕ್ರಮವಾಗಿ ಬಳಸಲಿಲ್ಲ. ಕೆಟ್ಟುದನ್ನು ರಿಪೇರಿ ಮಾಡಿಸಲಿಲ್ಲ. ಪ್ರಯೋಗಶಾಲೆಯಲ್ಲಿ ಗೆದ್ದ ಒಲೆ ಮನೆಯಲ್ಲಿ ಆರೈಕೆಯಿಲ್ಲದೆ ಸೋತಿತು.

ಆರೈಕೆಯ ಸಂಗತಿ ತಿಳಿಯಬೇಕಾದರೆ ಕೊಳವೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು. ಕೊಳವೆಯಲ್ಲಿ ಫ್ಯಾನ್ ಇಲ್ಲ, ಮೋಟಾರು ಇಲ್ಲ. ಹೊಗೆಯನ್ನು ಮೇಲಕ್ಕೆ ಎಳೆಯುವುದು ಬಿಸಿಗಾಳಿಯ ಹಗುರತನ ಒಂದೇ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.16 ಕಿಲೋಗ್ರಾಂ ತೂಗುತ್ತದೆ. 150 ಡಿಗ್ರಿಯಲ್ಲಿ ಅದೇ ಗಾಳಿ ಸುಮಾರು 0.83 ಕಿಲೋಗ್ರಾಂ. ಈ ವ್ಯತ್ಯಾಸವನ್ನು 3 ಮೀಟರ್ ಎತ್ತರದ ಕೊಳವೆಗೆ ಲೆಕ್ಕ ಹಾಕಿ ನೋಡಿ. ಸುಮಾರು 10 ಪ್ಯಾಸ್ಕಲ್ ಒತ್ತಡ ಸಿಗುತ್ತದೆ. ಅದು ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ! ಇಷ್ಟು ಬಡಪಾಯಿ ಬಲದಿಂದ ಒಲೆಯ ಹೊಗೆಯೆಲ್ಲ ಮೇಲೇರಬೇಕು. ಆದುದರಿಂದಲೇ ದಾರಿಯಲ್ಲಿ ಸಣ್ಣ ಅಡ್ಡಿ ಬಂದರೂ ಹೊಗೆ ಸೋತು, ಹಿಂದಿರುಗಿ, ಒಲೆಯ ಬಾಯಿಂದಲೇ ಹೊರಬರುತ್ತದೆ.

ಅಡ್ಡಿಗಳಲ್ಲಿ ಮೊದಲನೆಯದು ಮಸಿ. ಕೊಳವೆಯ ಒಳವ್ಯಾಸ 10 ಸೆಂಟಿಮೀಟರ್ ಇದೆ ಎನ್ನಿ. ಅದರ ದಾರಿ ಸುಮಾರು 78 ಚದರ ಸೆಂಟಿಮೀಟರ್. ಒಳಗೆ ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ವ್ಯಾಸ 8ಕ್ಕೆ ಇಳಿದು ದಾರಿ 50 ಚದರ ಸೆಂಟಿಮೀಟರ್ ಆಗುತ್ತದೆ. ಒಂದೂವರೆ ಸೆಂಟಿಮೀಟರ್ ಕಟ್ಟಿದರೆ ಕೇವಲ 38, ಅಂದರೆ ಅರ್ಧ ದಾರಿ ಮುಚ್ಚಿಹೋಯಿತು. ಹೊರಗಿನಿಂದ ನೋಡಿದವರಿಗೆ ಕೊಳವೆ ಮೊದಲಿನಂತೆಯೇ ಕಾಣುತ್ತದೆ. ಮಳೆಗಾಲದಲ್ಲಿ ಹಸಿ ಸೌದೆ ಉರಿಸಿದರೆ ಇನ್ನೂ ಕೇಡು. ಹೊಗೆಯ ಉಷ್ಣತೆ ಇಳಿದು ಎಳೆತ ಕುಗ್ಗುತ್ತದೆ. ಹೊಗೆಯಲ್ಲಿರುವ ಆವಿ ತಣ್ಣನೆಯ ಕೊಳವೆಗೆ ತಗುಲಿ ನೀರಾಗುತ್ತದೆ. ಮಸಿಯೊಡನೆ ಬೆರೆತು ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಈ ಜಿಗುಟು ಮಸಿಗೆ ಬೆಂಕಿ ಹತ್ತುವುದೂ ಉಂಟು. ಅಡಿಕೆ ಸೋಗೆಯ ಸೂರಿದ್ದರೆ ಅಪಾಯ ಹೇಳಬೇಕಾಗಿಲ್ಲ. ಉರುವಲನ್ನು ಬೇಸಗೆಯಲ್ಲೇ ಒಣಗಿಸಿ ಅಟ್ಟಕ್ಕೆ ಹಾಕುವ ನಮ್ಮ ಅಜ್ಜಿಯರ ರೂಢಿ ಬರಿಯ ರೂಢಿಯಲ್ಲ, ವಿಜ್ಞಾನ.

ಎರಡನೆಯ ಅಡ್ಡಿ ಟೊಪ್ಪಿಗೆ. ಟೊಪ್ಪಿಗೆಗೆ ಎರಡು ಕೆಲಸ: ಮಳೆಯನ್ನು ತಡೆಯುವುದು, ಗಾಳಿ ಬೀಸಿದಾಗ ಹೊಗೆಯನ್ನು ಹಿಂದಕ್ಕೆ ನೂಕದಂತೆ ಕಾಯುವುದು. ಅದು ಕೊಳವೆಯ ಬಾಯಿಂದ ಎಷ್ಟು ಎತ್ತರದಲ್ಲಿರಬೇಕು? ಇದು ನಿಮ್ಮ ಗಣಿತದ ಲೆಕ್ಕವೇ. ಹೊಗೆ ಟೊಪ್ಪಿಗೆಯ ಕೆಳಗೆ ಸುತ್ತಲೂ ಹೊರಬೀಳುವ ಜಾಗ, ಕೊಳವೆಯ ಸುತ್ತಳತೆ ಗುಣಿಸು ಸಂದಿಯ ಎತ್ತರ. ಅದು ಕೊಳವೆಯ ದಾರಿಗೆ ಸಮವಾಗಬೇಕಾದರೆ ಸಂದಿ ವ್ಯಾಸದ ಕಾಲುಭಾಗವಿರಬೇಕು. 10 ಸೆಂಟಿಮೀಟರ್ ಕೊಳವೆಗೆ ಎರಡೂವರೆ ಸೆಂಟಿಮೀಟರ್. ಇದು ಕನಿಷ್ಠ. ಮಸಿ ಕಟ್ಟುವುದನ್ನೂ ಲೆಕ್ಕಕ್ಕೆ ಹಿಡಿದು ಇದರ ಎರಡರಷ್ಟು, ಅಂದರೆ 5 ಸೆಂಟಿಮೀಟರ್ ಬಿಡುವುದು ಒಳ್ಳೆಯದು. ಮಳೆ ಇರುಚಲು ಬಡಿಯುತ್ತದೆಂದು ಟೊಪ್ಪಿಗೆಯನ್ನು ಕೆಳಕ್ಕೆ ಒತ್ತಿದರೆ ಉಸಿರು ಕಟ್ಟುವುದು ಒಲೆಗೆ, ಕೆಮ್ಮು ಬರುವುದು ಅಡುಗೆ ಮಾಡುವವರಿಗೆ. ಇರುಚಲಿಗೆ ಮದ್ದು ಟೊಪ್ಪಿಗೆಯ ಅಗಲ ಹೆಚ್ಚಿಸುವುದೇ ಹೊರತು ಎತ್ತರ ತಗ್ಗಿಸುವುದಲ್ಲ.

ಮೂರನೆಯದು ಕೊಳವೆಯ ನೆಲೆ. ಮುಂಗಾರಿನಲ್ಲಿ ಪಡುವಣ ಗಾಳಿ ಸೂರಿನ ನೆತ್ತಿಯನ್ನು ದಾಟಿ ಇನ್ನೊಂದು ಬದಿಗೆ ಸುಳಿಸುಳಿಯಾಗಿ ಬೀಳುತ್ತದೆ. ಕೊಳವೆ ಆ ಸುಳಿಯೊಳಗೆ ಸಿಕ್ಕಿದರೆ ಗಾಳಿಯೇ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಕೊಳವೆಯ ಬಾಯಿ ಸೂರಿನ ನೆತ್ತಿಗಿಂತ ಸುಮಾರು ಎರಡು ಅಡಿ ಎತ್ತರವಿದ್ದರೆ ಈ ತೊಂದರೆ ಕಡಿಮೆ. ಪಕ್ಕದಲ್ಲಿ ಹೊಸದಾಗಿ ಮಹಡಿ ಎದ್ದರೆ, ಮರ ಬೆಳೆದರೆ, ಹಿಂದೆ ಚೆನ್ನಾಗಿ ಎಳೆಯುತ್ತಿದ್ದ ಕೊಳವೆಯೂ ತಕರಾರು ಮಾಡಬಹುದು.

ಈಗ ರೋಗಲಕ್ಷಣಗಳನ್ನು ಗುರುತಿಸೋಣ. ಒಲೆ ಹಚ್ಚಿದೊಡನೆ ಬಾಯಿಂದ ಹೊಗೆ ಬರುವುದು, ಬೆಂಕಿ ಹತ್ತಲು ಮತ್ತೆ ಮತ್ತೆ ಊದುಗೊಳವೆ ಬೇಕಾಗುವುದು, ಕೊಳವೆಯ ಕೂಡುಗಳಲ್ಲಿ ಕಪ್ಪು ಗೆರೆ ಕಾಣುವುದು, ಗೋಡೆಯ ಮೇಲೆ ಕಂದು ನೀರು ಇಳಿಯುವುದು, ಇವು ನಾಲ್ಕು ಎಚ್ಚರಿಕೆಗಳು. ಅನುಮಾನವಿದ್ದರೆ ಊದಿನಕಡ್ಡಿಯ ಪರೀಕ್ಷೆ ಮಾಡಿ. ಒಲೆ ಹತ್ತಿ ಹದವಾದ ಮೇಲೆ, ಒಲೆಯ ಬಾಯಿಯ ಅಂಚಿನಲ್ಲಿ ಉರಿಯುವ ಊದಿನಕಡ್ಡಿ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಬಾಗಿದರೆ ಕೊಳವೆ ಎಳೆಯುತ್ತಿದೆ. ನೆಟ್ಟಗೆ ಏರಿದರೆ ಎಳೆತ ದುರ್ಬಲ. ನಿಮ್ಮ ಮುಖದ ಕಡೆ ಬಂದರೆ ಕೊಳವೆ ಕಟ್ಟಿದೆ. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ.

ಮಸಿ ತೆಗೆಯುವ ಕ್ರಮ ಹೀಗೆ. ಹಿಂದಿನ ರಾತ್ರಿಯೇ ಒಲೆ ಆರಿಸಿ, ಕೊಳವೆ ಪೂರ್ಣ ತಣ್ಣಗಾಗಲು ಬಿಡಬೇಕು. ಅಡುಗೆಮನೆಯ ಪಾತ್ರೆ ಪದಾರ್ಥಗಳನ್ನು ಹೊರಗಿಟ್ಟು, ಒಲೆಯ ಬಾಯಿಗೂ ಪಾತ್ರೆ ಕೂರುವ ಕುಳಿಗಳಿಗೂ ಒದ್ದೆ ಗೋಣಿಚೀಲ ಮುಚ್ಚಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಟೊಪ್ಪಿಗೆ ತೆಗೆದು, ತೆಂಗಿನ ನಾರಿನ ಗಟ್ಟಿ ಉಂಡೆಯನ್ನೋ ಕಡ್ಡಿಪೊರಕೆಯ ತುಂಡನ್ನೋ ಉದ್ದ ಬಿದಿರಿಗೆ ಬಿಗಿದು ಮೇಲಿನಿಂದ ಕೆಳಗೆ ಹತ್ತಾರು ಸಲ ಆಡಿಸಬೇಕು. ಬಳಿಕ ಬುಡದಲ್ಲಿ ಬಿದ್ದ ಮಸಿಯನ್ನು ತೆಗೆಯಬೇಕು. ಇದನ್ನು ಮರೆತರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಮೇಲಿದ್ದ ಅಡ್ಡಿ ಕೆಳಗೆ ಬಂದು ಕೂತಿತು ಅಷ್ಟೆ. ದಿನವೂ ಉರಿಯುವ ಒಲೆಗೆ ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಮುಂಗಾರಿಗೆ ಮೊದಲು ಒಮ್ಮೆ, ಅಡಿಕೆ ಸುಗ್ಗಿಗೆ ಮೊದಲು ಒಮ್ಮೆ ಮಾತ್ರ ಕಡ್ಡಾಯ.

ಅದೇ ಹೊತ್ತಿನಲ್ಲಿ ಟೊಪ್ಪಿಗೆಯನ್ನೂ ಪರೀಕ್ಷಿಸಬೇಕು. ತಗಡು ತುಕ್ಕು ಹಿಡಿದು ತೂತಾಗಿದೆಯೆ, ಕಾಲು ಸಡಿಲಗೊಂಡು ಓರೆಯಾಗಿದೆಯೆ, ಗೊರವಂಕ ಗೂಡು ಕಟ್ಟಿದೆಯೆ, ಕಣಜ ಮಣ್ಣು ಮೆತ್ತಿದೆಯೆ ನೋಡಬೇಕು. ಗೂಡಿನಲ್ಲಿ ಮರಿಗಳಿದ್ದರೆ ಅವು ಹಾರುವವರೆಗೆ ಆ ಒಲೆಗೆ ರಜೆ ಕೊಡಿ. ಹಕ್ಕಿ ಬಾರದಿರಲೆಂದು ಜಾಲರಿ ಕಟ್ಟುವುದಾದರೆ ಕಣ್ಣು ದೊಡ್ಡದಿರಲಿ; ಸಣ್ಣ ಕಣ್ಣಿನ ಜಾಲರಿಯನ್ನು ಮಸಿ ಕೆಲವೇ ವಾರಗಳಲ್ಲಿ ಮುಚ್ಚಿಬಿಡುತ್ತದೆ. ಕೊಳವೆ ಹೆಂಚನ್ನು ದಾಟುವ ಕಡೆ ಸಿಮೆಂಟು ಮೆತ್ತಿದರೆ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗಿ ಬಿರುಕು ಬಿಡುತ್ತದೆ. ಅಲ್ಲಿ ತಗಡಿನ ಒಂದು ಕೊರಳಪಟ್ಟಿ ತೊಡಿಸಿದರೆ ನೀರೂ ಇಳಿಯದು, ಕೊಳವೆಗೂ ಆಡಲು ಜಾಗ ಉಳಿಯುತ್ತದೆ. ಮರದ ಜಂತಿ ರೀಪುಗಳು ಕೊಳವೆಗೆ ತಾಗುವಂತಿರಬಾರದು. ಒಳಗಿನ ಕೂಡುಗಳ ಬಿರುಕಿಗೆ ಮಣ್ಣು, ಮರಳು, ಸಗಣಿ ಕಲಸಿದ ಮೆತ್ತೆ ಸಾಕು. ಅದನ್ನು ಮತ್ತೆ ಮತ್ತೆ ಸವರುತ್ತಿರಬೇಕು.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಹಳೆಯ ಹೊಗೆಕೊಳವೆಗಳು ಅನೇಕ ಕಡೆ ಆಸ್ಬೆಸ್ಟಾಸ್ ಸಿಮೆಂಟಿನವು. ಆಸ್ಬೆಸ್ಟಾಸ್ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ತರುತ್ತವೆಂಬುದು ಸಿದ್ಧವಾದ ಸಂಗತಿ. ಅಂಥ ಕೊಳವೆಯನ್ನು ಗರಗಸದಿಂದ ಕುಯ್ಯಬೇಡಿ, ಒಡೆಯಬೇಡಿ, ಒಳಗೆ ಗಟ್ಟಿಯಾಗಿ ಕೆರೆಯಲೂ ಬೇಡಿ. ಬಿರುಕು ಬಿಟ್ಟಿದ್ದರೆ ತಿಳಿದವರಿಂದ ಒದ್ದೆ ಮಾಡಿಸಿ, ಇಡಿಯಾಗಿ ಇಳಿಸಿ, ಅದರ ಜಾಗದಲ್ಲಿ ಸುಟ್ಟ ಮಣ್ಣಿನ ಅಥವಾ ತಗಡಿನ ಕೊಳವೆ ಹಾಕಿಸುವುದು ಮೇಲು. ಎರಡನೆಯದು, ಸೂರು ಹತ್ತುವ ಕೆಲಸ ನಿಮ್ಮದಲ್ಲ. ಮಂಗಳೂರು ಹೆಂಚು ಕಾಲಿಟ್ಟ ಕಡೆ ಒಡೆಯುತ್ತದೆ, ವಿದ್ಯುತ್ ತಂತಿ ಕೈಗೆಟುಕುವಷ್ಟು ಹತ್ತಿರವಿರುತ್ತದೆ. ಅನುಭವವುಳ್ಳ ಹಿರಿಯರು ಹತ್ತಲಿ, ಒಬ್ಬರು ಏಣಿ ಹಿಡಿದಿರಲಿ, ಮಳೆ ಬಂದ ದಿನ ಯಾರೂ ಹತ್ತದಿರಲಿ.

ಮಕ್ಕಳನ್ನು ಚಿಮಣಿಗೆ ಹತ್ತಿಸಿದ ಒಂದು ಕಾಲವಿತ್ತು. ಇಂಗ್ಲೆಂಡಿನಲ್ಲಿ ಬಡವರ ಮನೆಯ ಚಿಕ್ಕ ಹುಡುಗರನ್ನು ಇಕ್ಕಟ್ಟಾದ ಚಿಮಣಿಗಳೊಳಗೆ ಇಳಿಸಿ ಮಸಿ ಗುಡಿಸುತ್ತಿದ್ದರು. ಆ ಹುಡುಗರು ದೊಡ್ಡವರಾದಾಗ ಅವರಲ್ಲಿ ಒಂದು ಬಗೆಯ ಕ್ಯಾನ್ಸರ್ ಹೆಚ್ಚಾಗಿ ಕಾಣುವುದನ್ನು ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯ 1775ರಲ್ಲಿ ಬರೆದು ತಿಳಿಸಿದ. ಮಾಡುವ ಕಸುಬಿಗೂ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಮೊದಲ ಬರಹಗಳಲ್ಲಿ ಅದು ಒಂದು. ಉದ್ದ ಹಿಡಿಕೆಯ ಕುಂಚ 19ನೆಯ ಶತಮಾನದ ಆರಂಭದಲ್ಲೇ ಬಂದಿದ್ದರೂ, 1875ರ ಕಾನೂನು ಬರುವವರೆಗೆ ಆ ಕ್ರೌರ್ಯ ಪೂರ್ತಿಯಾಗಿ ನಿಲ್ಲಲಿಲ್ಲ. ಮಸಿಯನ್ನು ಹಗುರವಾಗಿ ಕಾಣಬಾರದು. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡದೆ ಊಟಕ್ಕೆ ಕೂರಬೇಡಿ ಎಂದು ಮನೆಯವರಿಗೂ ಹೇಳಿ.

ಇಷ್ಟೆಲ್ಲ ಸುಲಭವಾದ ಕೆಲಸ ಏಕೆ ನಡೆಯುವುದಿಲ್ಲ? ಯೋಚಿಸಿ ನೋಡಿ. ಕೊಳವೆಗೆ ಎರಡು ತುದಿ. ಕೆಳಗಿನ ತುದಿ ಅಡುಗೆಮನೆಯಲ್ಲಿದೆ. ಅಲ್ಲಿ ಕೂರುವವರು ತಾಯಿ, ಅಕ್ಕ, ಅತ್ತಿಗೆ. ಮೇಲಿನ ತುದಿ ಸೂರಿನ ಮೇಲಿದೆ. ಅಲ್ಲಿಗೆ ಹತ್ತುವವರು ಮನೆಯ ಗಂಡಸರು. ಹೊಗೆ ಕುಡಿಯುವವರು ಹತ್ತುವುದಿಲ್ಲ. ಹತ್ತಬಲ್ಲವರು ಹೊಗೆ ಕುಡಿಯುವುದಿಲ್ಲ. ಸೂರು ಸೋರಿದರೆ ಆ ದಿನವೇ ಹೆಂಚು ಬದಲಾಗುತ್ತದೆ, ಏಕೆಂದರೆ ನೀರು ಎಲ್ಲರ ತಲೆಯ ಮೇಲೂ ಬೀಳುತ್ತದೆ. ಹೊಗೆ ಒಬ್ಬರ ಕಣ್ಣಿಗೆ ಮಾತ್ರ ಬೀಳುತ್ತದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನಾಗುತ್ತಾಳೆ. ಕೊನೆಗೆ ಕೊಳವೆಯ ಒಲೆಯನ್ನೇ ಬಿಟ್ಟು ಮೂರು ಕಲ್ಲು ಹೂಡಿಕೊಳ್ಳುತ್ತಾಳೆ. 'ಈ ಒಲೆ ಸರಿಯಿಲ್ಲ' ಎಂಬ ಅಪವಾದ ಒಲೆಯ ಮೇಲೆ ಉಳಿಯುತ್ತದೆ.

ಕೊಳವೆಯಿಂದ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಮನೆಯಿಂದ ಬೀದಿಗೆ ದಾಟಿಸುತ್ತದೆ. ಅಡುಗೆ ಅನಿಲವೋ ವಿದ್ಯುತ್ತೋ ಕೈಗೆಟುಕುವ ಕಡೆ ಅದೇ ಲೇಸು. ಆದರೆ ಸೌದೆ ಉರಿಯುವವರೆಗೆ ಕೊಳವೆ ಬೇಕು. ಕೊಳವೆ ಇರುವವರೆಗೆ ಅದರ ಆರೈಕೆ ಬೇಕು.

ಈ ಕೆಲಸದಲ್ಲಿ ನಿಮ್ಮ ಪಾಲು ಏನು? ಏಣಿ ಹತ್ತದೆಯೂ ಮಾಡಬಹುದಾದದ್ದು ಬಹಳಷ್ಟಿದೆ. ಬೆಳಗಿನ ಹೊತ್ತು ಅಂಗಳದಲ್ಲಿ ನಿಂತು ನಿಮ್ಮ ಮನೆಯ ಕೊಳವೆಯ ಬಾಯಿಯನ್ನು ನೋಡಿ. ಒಲೆ ಉರಿಯುತ್ತಿದ್ದೂ ಅಲ್ಲಿ ಹೊಗೆ ಕಾಣದೆ ಹೆಂಚಿನ ಸಂದುಗಳಲ್ಲಿ ಕಂಡರೆ ರೋಗ ತಿಳಿಯಿತು. ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ದಿನ ಗುರುತು ಹಾಕಿ ಊದಿನಕಡ್ಡಿಯ ಪರೀಕ್ಷೆ ನಡೆಸಿ. ಫಲಿತಾಂಶವನ್ನು ಮನೆಯ ಹಿರಿಯರಿಗೆ ಹೇಳಿ, ಹತ್ತುವವರು ಹತ್ತುವವರೆಗೆ ನೆನಪಿಸುತ್ತಿರಿ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹಳ್ಳಿಗೆ ಹೋದಾಗ ಒಂದು ಬೀದಿಯನ್ನು ಆರಿಸಿಕೊಂಡು ಎಷ್ಟು ಮನೆಗೆ ಕೊಳವೆ ಇದೆ, ಎಷ್ಟಕ್ಕೆ ಟೊಪ್ಪಿಗೆ ಇದೆ, ಎಷ್ಟು ಎಳೆಯುತ್ತಿವೆ ಎಂದು ಪಟ್ಟಿ ಮಾಡಿ. ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ. ಊರಿನ ತಗಡಿನ ಕೆಲಸದವರಿಗೆ ಸರಿಯಾದ ಅಳತೆಯ ಟೊಪ್ಪಿಗೆಯ ಚಿತ್ರ ಬರೆದುಕೊಡಿ.

ಕೊಳವೆಯ ಕೆಳಗಿನ ತುದಿಗೆ ಆಗಲೇ ಒಬ್ಬ ಒಡತಿ ಇದ್ದಾಳೆ. ಮೇಲಿನ ತುದಿಗೂ ಒಬ್ಬ ವಾರಸುದಾರ ಬೇಕು. ಆ ಹೊಣೆಯನ್ನು ಈ ತಿಂಗಳಿಂದಲೇ ನೀವು ವಹಿಸಿಕೊಳ್ಳಿ.